ಮೇ ತಿಂಗಳ ನಲವತ್ತೇಳನೆಯ ದಿನ

ಕಗ್ಗಕುರ್ವೆ, ಅಘನಾಶಿನಿಯ ಅಳಿವೆ
ಸಿಹಿ ಮರಳಿದ ನಲವತ್ತನೆಯ ವರ್ಷ, ಮೇ ನಲವತ್ತೇಳು
(ನಿಮ್ಮ ಲೆಕ್ಕದಲ್ಲಿ 2181)

ಶ್ರೀಮತಿ ಶಾಲ್ಮಲಾ ಕುಬಸದ, ಹುಬ್ಬಳ್ಳಿ, ಇವರಿಗೆ,

ತಾರೀಖು ನೋಡಿ ನೀವು ಹುಬ್ಬೇರಿಸಿರಬಹುದು. ಕೈತಪ್ಪಿ ಬರೆದದ್ದಲ್ಲ. ಮಳೆ ಬಂದು ನಮ್ಮ ಬಾವಿಯ ನೀರು ಸಿಹಿಗೆರೆಯನ್ನು ಮುಟ್ಟುವವರೆಗೆ ನಾವು ಜೂನ್ ಎಂದು ಬರೆಯುವುದಿಲ್ಲ. ಸಿಹಿಗೆರೆ ಎಂದರೆ ಬಾವಿಯ ಒಳಗೋಡೆಯಲ್ಲಿ ಬಳಚು ಎಂಬ ಚಿಪ್ಪುಮೀನಿನ ಚಿಪ್ಪುಗಳನ್ನು ಸುತ್ತಲೂ ಒತ್ತಿ ಕೂರಿಸಿದ ಬಿಳಿ ಗೆರೆ. ನೀರು ಅದಕ್ಕಿಂತ ಕೆಳಗಿಳಿದರೆ ಉಪ್ಪು ಮೇಲೆ ಬರುತ್ತದೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಇನ್ನೂ ಬರಬಹುದು. ಅದಕ್ಕೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ.

ನನ್ನ ಹೆಸರು ಬೀರಮ್ಮ ಅಂಬಿಗ. ನಿಮ್ಮ ಕಾಲದಲ್ಲಿ ಅಜ್ಜಿಯಂದಿರಿಗಷ್ಟೇ ಉಳಿದಿದ್ದ ಹೆಸರು ಈಗ ಮತ್ತೆ ಫ್ಯಾಷನ್ ಆಗಿದೆ. ನೀವು 2026ರ ಮೇ ತಿಂಗಳಲ್ಲಿ ಮೂರು ದಿನ ತಂಗಿದ್ದ ಮನೆಯ ಒಡತಿ ನಾಗವೇಣಿ ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆಕೆಯ ಅತಿಥಿಪುಸ್ತಕ ಈಗ ನನ್ನ ತೊಡೆಯ ಮೇಲಿದೆ. ‘ಸಲಹೆ’ ಎಂಬ ಕಾಲಮ್ಮಿನಲ್ಲಿ ದುಂಡಗಿನ ಅಕ್ಷರದಲ್ಲಿ ನೀವು ಹೀಗೆ ಬರೆದಿದ್ದೀರಿ: “ಊಟ ಬಹಳ ಚೆನ್ನಾಗಿತ್ತು. ಪ್ಲಾಸ್ಟಿಕ್ ಎಲ್ಲೂ ಕಾಣಲಿಲ್ಲ, ಸಂತೋಷ. ಸ್ನಾನದ ನೀರು ಮಾತ್ರ ಸ್ವಲ್ಪ ಉಪ್ಪು. ಇದೊಂದು ಸರಿಮಾಡಿದರೆ ಸ್ವರ್ಗ.”

ನೀವು ಕೆಟ್ಟವರಲ್ಲ ಎಂದು ನನಗೆ ಗೊತ್ತು. ದೊಡ್ಡ ರೆಸಾರ್ಟುಗಳನ್ನು ಬಿಟ್ಟು, ಫೋನಿನಲ್ಲಿ ಪರಿಸರಸ್ನೇಹಿ ಎಂಬ ಹಸಿರು ಎಲೆಯ ಗುರುತಿದ್ದ ಮನೆಯನ್ನೇ ಹುಡುಕಿ ಬಂದಿರಿ. ಬಿದಿರಿನ ಬ್ರಷ್ ತಂದಿರಿ. ಟವೆಲ್ ದಿನಾ ಒಗೆಯುವುದು ಬೇಡ ಎಂದಿರಿ. ಈ ಕುರ್ವೆ ನದಿಯ ನಡುವಿನ ಒಂದು ಚೂರು ನೆಲ, ಸುತ್ತಲೂ ಉಪ್ಪುನೀರು, ಹೀಗಿರುವಾಗ ಸಿಹಿನೀರು ಎಲ್ಲಿಂದ ಬರುತ್ತದೆ ಎಂದು ಮಾತ್ರ ಕೇಳಲಿಲ್ಲ. ನಿಮ್ಮ ಎಲೆಯ ಗುರುತು ಕೊಟ್ಟವರೂ ಕೇಳಿರಲಿಲ್ಲ. ಸ್ಟ್ರಾ ಯಾವುದರದ್ದು, ದೀಪ ಯಾವುದರದ್ದು ಎಂದು ಪಟ್ಟಿ ಮಾಡಿದ ಆ ಜಾಣರಿಗೆ ಬಾವಿಯೊಳಗೆ ಒಮ್ಮೆ ಇಣುಕಬೇಕು ಅನ್ನಿಸಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಾಗವೇಣಿ ಮಾಡಿದ ತಪ್ಪನ್ನೂ ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಆಸರಿಗೆ ಕೊಡುತ್ತಾರೆ, ಎಂದರೆ ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ಬೆಲ್ಲ ಕಚ್ಚಿ ಕುಡಿದ ನಾಲಿಗೆಗೆ ಸಣ್ಣ ಉಪ್ಪು ತಿಳಿಯುವುದಿಲ್ಲ. ಆ ಬೇಸಿಗೆ ಎಂಟು ಅತಿಥಿಗಳು ದಿನಕ್ಕೆರಡು ಸಲ ಶವರಿನ ಕೆಳಗೆ ನಿಂತಾಗ ಬಾವಿಯ ನೀರು ಇಳಿಯುತ್ತಲೇ ಇತ್ತು, ಬೆಲ್ಲ ಅದನ್ನು ಮುಚ್ಚಿಡುತ್ತಲೇ ಇತ್ತು. ದಿನವೂ ಅದನ್ನೇ ಕುಡಿಯುವ ಆಕೆಯ ನಾಲಿಗೆ ಮೆಲ್ಲಗೆ ಏರಿದ ಉಪ್ಪಿಗೆ ಒಗ್ಗಿಹೋಗಿತ್ತು, ನಿಮ್ಮ ಸಾಲು ಓದಿದ ಮೇಲೆಯೇ ಆಕೆಗೆ ತಿಳಿದದ್ದು. ಬಂದವರಿಗೆ ಉಪ್ಪುನೀರು ಕೊಟ್ಟ ಮನೆ ಎಂಬ ಮಾತು ಬಂತಲ್ಲ ಎಂದು ಆಕೆ ಕುಗ್ಗಿಹೋದಳು. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಮೂರನೆಯ ದಿನ ಬೋರ್‌ವೆಲ್ ಕೊರೆಯುವವರಿಗೆ ಫೋನ್ ಮಾಡಿದಳು.

ಆಕೆಯ ಮಾವ ಹಮ್ಮಣ್ಣ ಆ ಕಾಲದಲ್ಲಿ ಕುರ್ವೆಯ ದೋಣಿ ನಡೆಸುತ್ತಿದ್ದವರು. ಅವರು ಆಡಿದ ಮಾತು ನಮ್ಮ ಮನೆಯಲ್ಲಿ ಆರು ತಲೆಮಾರಿನಿಂದ ಬಾಯಿಂದ ಬಾಯಿಗೆ ಬಂದಿದೆ: “ಕುರ್ವೆಯ ಸಿಹಿನೀರು ಹಾಲಿನ ಮೇಲಿನ ಕೆನೆ ಇದ್ದಂಗೆ, ಮಗಾ. ಕೆಳಗೆ ಕೈ ಹಾಕೂಕೆ ಹೋಗ್ಬೇಡ.” ಆಕೆ ಕೇಳಲಿಲ್ಲ. ಅತಿಥಿ ಬಾಯಿಬಿಟ್ಟು ಕೇಳಿದ್ದಾರೆ, ಇಲ್ಲ ಅನ್ನುವುದು ಹೇಗೆ ಎಂದಳು.

ಬೋರ್‌ವೆಲ್ಲಿನಿಂದ ಎರಡು ತಿಂಗಳು ಸಿಹಿನೀರು ಬಂತು. ಆಮೇಲೆ ಬಂದದ್ದು ಸಮುದ್ರ. ಆಕೆಯ ಬಾವಿಯ ಜೊತೆ ಕುರ್ವೆಯ ಉಳಿದ ಹತ್ತು ಮನೆಗಳ ಬಾವಿಗಳೂ ಕೆಟ್ಟವು. ಕೆಳಗೆ ಎಲ್ಲರದ್ದೂ ಒಂದೇ ಕೆನೆ. ಎಲೆಯ ಗುರುತು ಮಾತ್ರ ಫೋನಿನಲ್ಲಿ ಇನ್ನೂ ನಾಲ್ಕು ವರ್ಷ ಹಸಿರಾಗಿಯೇ ಇತ್ತಂತೆ. ನೂರು ವರ್ಷಕ್ಕೂ ಮೀರಿ ನಮ್ಮ ಹೆಂಗಸರು ಆಚೆ ದಡದಿಂದ ಕೊಡಗಳಲ್ಲಿ ನೀರು ತುಂಬಿ ದೋಣಿಯಲ್ಲಿ ತಂದರು. ನನ್ನ ಅಜ್ಜಿಯ ಬಲಭುಜ ಎಡಭುಜಕ್ಕಿಂತ ತಗ್ಗಾಗಿತ್ತು. ಚಿಕ್ಕವಳಿದ್ದಾಗ ಅಜ್ಜಿಯರ ಭುಜವೆಲ್ಲ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ.

ಸಿಹಿ ಮರಳಿದ್ದು ಪವಾಡವಲ್ಲ. ಬೋರಿನ ಬಾಯಿಗೆ ಜೇಡಿ ಬಡಿದು ಮುಚ್ಚಿದರು. ಸುತ್ತ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡಗಳ ಬೇಲಿ ಎಬ್ಬಿಸಿದರು. ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಯ ಒಡ್ಡು ಎತ್ತರಿಸಿ, ಉಪ್ಪು ತಾಳುವ ಕಗ್ಗ ಭತ್ತವನ್ನು ಮತ್ತೆ ಬಿತ್ತಿದರು. ಅಂಗಳಕ್ಕೆ ಬಿದ್ದ ಮಳೆಯನ್ನು ಅಲ್ಲೇ ನೆಲಕ್ಕೆ ಕುಡಿಸಿದರು. ನಾನು ಹನ್ನೆರಡು ವರ್ಷದವಳಿದ್ದಾಗ ಒಂದು ಶ್ರಾವಣದಲ್ಲಿ ಅಜ್ಜಿ ಬಾವಿಯ ನೀರು ಕುಡಿದು, ನನ್ನ ಕೈಗೆ ಲೋಟ ಕೊಟ್ಟು, ಮೆಟ್ಟಿಲ ಮೇಲೆ ಕೂತು ಅತ್ತಳು. ನಮ್ಮ ವರ್ಷಗಳ ಎಣಿಕೆ ಆ ದಿನದಿಂದ ಶುರು.

ಈಗಲೂ ನಾವು ಅತಿಥಿಗಳನ್ನು ಕರೆಯುತ್ತೇವೆ. ಅವರು ಬಿಸಿಲುದೋಣಿಯಲ್ಲಿ, ಅಂದರೆ ಚಾವಣಿಯೇ ಬಿಸಿಲುಂಡು ನಡೆಸುವ ದೋಣಿಯಲ್ಲಿ, ನಿಧಾನವಾಗಿ ಬರುತ್ತಾರೆ. ಹದಿನೈದು ದಿನಕ್ಕಿಂತ ಕಡಿಮೆ ಇರುವವರನ್ನು ನಾವು ಕರೆಯುವುದಿಲ್ಲ. ಊರಿನ ಉಬ್ಬರ ಇಳಿತ ಅರ್ಥವಾಗುವುದಕ್ಕೇ ಒಂದು ವಾರ ಬೇಕು. ಕೋಣೆಗಳು ಚಿರೆಕಲ್ಲಿನ ಕಂಬಗಳ ಮೇಲಿವೆ, ಹುಣ್ಣಿಮೆಯ ಉಬ್ಬರದಲ್ಲಿ ನೀರು ಕೆಳಗಿನಿಂದ ಹಾದುಹೋಗುತ್ತದೆ. ಕೆಂಪಕ್ಕಿಯ ಗಂಜಿ, ಇಳಿತದ ಹೊತ್ತಿಗೆ ಅವರೇ ಕೆಸರಿಗಿಳಿದು ಹೆಕ್ಕಿ ತಂದ ಬಳಚಿನ ಸುಕ್ಕಾ. ಸ್ನಾನಕ್ಕೆ ದಿನಕ್ಕೊಂದು ಕೊಡಪಾನ ನೀರು. ಅತಿಥಿ ದೋಣಿಯಿಂದ ಇಳಿದ ಕೂಡಲೇ ಬಾವಿಯ ಕಟ್ಟೆಗೆ ಕರೆದೊಯ್ದು ಬರಿಯ ನೀರು ಕುಡಿಸುತ್ತೇವೆ. ಬೆಲ್ಲ ಆಮೇಲೆ. ನೀರು ಉಪ್ಪೆನಿಸಿದರೆ ಬಂದವರು ಅದೇ ದೋಣಿಯಲ್ಲಿ ಮರಳಬೇಕು. ಆಗ ಅವರ ಕೈಗೆ ಬೆಲ್ಲ ಕೊಟ್ಟು ಕಳಿಸುತ್ತೇವೆ. ಇಲ್ಲಿ ಯಾರು ತಂಗಬಹುದು ಎಂದು ಹೇಳುವುದು ಬಾವಿ, ನಾವಲ್ಲ.

ಒಂಬತ್ತು ದಿನಗಳ ಹಿಂದೆ ತಂಗುಮಂಡಳಿಯ ಅಧಿಕಾರಿ ನಿರಂಜನ ಎಂಬವರು ಬಂದರು. ಯಾವ ಮನೆಗೆ ಎಲೆಮುದ್ರೆ ಕೊಡಬೇಕೆಂದು ನಿಶ್ಚಯಿಸುವುದು ಈ ಮಂಡಳಿ. ಮುದ್ರೆ ಇಲ್ಲದ ಮನೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಹೌದು, ನಿಮ್ಮ ಎಲೆ ಇನ್ನೂ ಬದುಕಿದೆ! ನಮ್ಮ ಕುರ್ವೆ ವರ್ಷವಿಡೀ ತೆರೆದಿರಬೇಕು, ಮೇ ತಿಂಗಳಲ್ಲಿ ಅತಿಥಿಗಳು ಕಾಯಲಾರರು ಎಂದರು. ಉಪ್ಪುನೀರನ್ನು ಸೋಸುವ ಯಂತ್ರವನ್ನು ಮಂಡಳಿಯೇ ಕೊಡುತ್ತದಂತೆ. ಸೋಸಿ ಉಳಿದ ಗಡಸು ಉಪ್ಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ನದಿಗೆ ಎಂದರು, ಅದೇನು ಮಹಾ ಎಂಬ ಹಾಗೆ. ಅದು ಬೀಳುವ ಕಡೆ ಬಳಚು ಮೊದಲು ಸಾಯುತ್ತದೆ ಎಂದೆ. ಅದಕ್ಕೆ ಅವರ ಪಟ್ಟಿಯಲ್ಲಿ ಕಾಲಮ್ ಇರಲಿಲ್ಲ.

ಅವರಿಗೂ ಬಾವಿಕಟ್ಟೆಯಲ್ಲಿ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಹಿಂಡಿದರು. ನನ್ನ ಮಗಳು ಮಂಜರಿ ಪಕ್ಕದಲ್ಲೇ ಇದ್ದಳು. ಅವಳು ಮೆಲ್ಲಗೆ ಕೇಳಿದಳು: “ಎಲೆ ಇಲ್ದಿದ್ರೆ ನಮ್ಮನೆಗೆ ಯಾರು ಬರ್ತ್ರು, ಅವ್ವೀ?” ಅವಳ ಪ್ರಶ್ನೆ ಸುಳ್ಳಲ್ಲ. ನಮ್ಮ ಹನ್ನೊಂದು ಮನೆಗಳು ಅರ್ಧ ವರ್ಷ ನಡೆಯುವುದು ಅತಿಥಿಗಳಿಂದಲೇ. ಪಟ್ಟಿಯಿಂದ ಹೊರಬಿದ್ದರೆ ನಾವು ಏನಾಗುತ್ತೇವೆ ಎಂದು ನನಗೂ ಗೊತ್ತಿಲ್ಲ, ಹೆದರಿಕೆಯೂ ಇದೆ. ಆದರೂ ಅವರಿಗೆ ಹೇಳಿದೆ: “ಬಾವಿ ಬೇಡ ಅಂದದ್ದಕ್ಕೆ ನಾ ಹೂಂ ಅನ್ನೂದಿಲ್ಲ. ನಿಮ್ಮ ಎಲೆ ಬೇಕಾದ್ರೆ ತಕಂಡ್ ಹೋಗಿ.”

ನಾಳೆ ಅವರು ಒಪ್ಪಂದದ ಕಾಗದ ಹಿಡಿದು ಮತ್ತೆ ಬರುತ್ತಾರೆ. ಯಂತ್ರದ ಕೊಳವೆಗಳು ಆಚೆ ದಡದಲ್ಲಿ ಆಗಲೇ ಬಂದು ಬಿದ್ದಿವೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಬಾಗಿಲ ಮೇಲಿದ್ದ ಎಲೆಮುದ್ರೆಯ ತಗಡು ಕಾಣಲಿಲ್ಲ. ಮಂಜರಿ ಅದನ್ನು ಕಿತ್ತು ಉಪ್ಪಿನಕಾಯಿ ಭರಣಿಗೆ ಮುಚ್ಚಳ ಮಾಡಿದ್ದಳು. ಸರಿಯಾಗಿ ಕೂರುತ್ತದೆ ನೋಡು ಎಂದಳು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಶಾಲ್ಮಲಾ ಅವರೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಬರಬೇಡಿ ಎನ್ನುತ್ತಿಲ್ಲ. ಬನ್ನಿ, ಆದರೆ ಬರುವ ಮೊದಲು ಮನೆಯವರಿಗೆ ಒಂದು ಪ್ರಶ್ನೆ ಹಾಕಿ: ನಿಮ್ಮ ಬಾವಿಯಲ್ಲಿ ಈಗ ನೀರು ಎಷ್ಟಿದೆ, ನಾವು ಬಂದರೆ ಯಾರಿಗೆ ಕಡಿಮೆಯಾಗುತ್ತದೆ? ಮಾತು ತೇಲಿಸಿದರೆ ಬೇರೆ ಮನೆ ನೋಡಿ. ಈಗ ಬೇಡ, ಮಳೆ ಕಳೆದು ಬನ್ನಿ ಎಂದರೆ ಆ ಮನೆಯನ್ನು ಬಿಡಬೇಡಿ, ಕಾದು ಹೋಗಿ. ಸ್ನಾನದ ನೀರು ಉಪ್ಪಾದರೆ ಪುಸ್ತಕದಲ್ಲಿ ಬರೆಯಬೇಡಿ. ಅಡುಗೆಮನೆಗೆ ಹೋಗಿ ನಾಗವೇಣಿಯ ಪಕ್ಕ ಕೂತು, ನಮ್ಮಿಂದ ನಿಮ್ಮ ಬಾವಿ ಇಳಿದಿದೆ, ನಾವು ನಾಳೆಯೇ ಹೊರಡುತ್ತೇವೆ ಎಂದು ಹೇಳಿ. ಆಕೆ ಬೇಡ ಅನ್ನುತ್ತಾಳೆ, ಇನ್ನೊಂದು ದೋಸೆ ಹಾಕುತ್ತಾಳೆ. ದೋಸೆ ತಿಂದು ಹೊರಡಿ.

ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೋ ತಿಳಿಯದು. ನಿಮ್ಮ ಸಾಲಿನ ಕೆಳಗಿನ ಖಾಲಿ ಜಾಗದಲ್ಲಿ ಮಡಿಸಿ ಇಡುತ್ತೇನೆ. ನೀವು ಆ ಸಾಲನ್ನು ಬರೆಯದೆ ಹೋದರೆ ಈ ಪುಟ ಖಾಲಿಯಾಗುತ್ತದೆ, ನನ್ನ ಅಜ್ಜಿಯ ಭುಜ ನೆಟ್ಟಗಾಗುತ್ತದೆ. ನಾಳೆ ಬೆಳಿಗ್ಗೆ ಎದ್ದು ಮೊದಲು ಪುಸ್ತಕ ತೆರೆದು ನೋಡುತ್ತೇನೆ. ಸಾಲು ಅಲ್ಲೇ ಇದ್ದರೆ ಬಾವಿಗೆ ಹೋಗಿ ಗೆರೆ ನೋಡುತ್ತೇನೆ. ನೀರು ಗೆರೆಗೆ ಬಂದಿರದಿದ್ದರೆ, ನಿರಂಜನರು ನೀಡುವ ಕಾಗದದಲ್ಲಿ ಸಹಿಯ ಜಾಗದಲ್ಲಿ ತಾರೀಖು ಮಾತ್ರ ಬರೆದು ಹಿಂದಿರುಗಿಸುತ್ತೇನೆ: ಮೇ ನಲವತ್ತೆಂಟು.

ಬೀರಮ್ಮ ಅಂಬಿಗ