ಬೆವರುವ ಹೂಬಟ್ಟಲು

ಸದಾಶಿವ ಪೇಠ, ಪುಣೆ

ಇಂದಾಪುರದ ಅಪ್ಪಾಸಾಹೇಬ ಕುಂಬಾರರಿಗೆ ನಮಸ್ಕಾರ.

ನಿಮ್ಮಿಂದ ತಂದ ಮಣ್ಣಿನಲ್ಲಿ ನಾನು ಮಾಡಿ ಸುಟ್ಟ, ಹೂ ಜೋಡಿಸುವ ಆರು ಬಟ್ಟಲುಗಳಲ್ಲೂ ನೀರು ಜಿನುಗುತ್ತಿದೆ. ಫೋನಿನಲ್ಲಿ ತಿಳಿಸಿದಾಗ ನೀವು, "ಬೆವತ್ರನ ನೀರು ತಣ್ಣಗಿರ್ತದ್ರಿ, ಮಣ್ಣು ಭಾಳ ಛಲೋ ಅದ" ಎಂದು ನಕ್ಕಿರಿ. ಕುಡಿಯುವ ನೀರಿನ ಗಡಿಗೆಗೆ ಅದು ಸರಿ. ಇವು ಭಾನುವಾರ ಪ್ರದರ್ಶನದಲ್ಲಿ ಬೇರೆಯವರ ತೇಗದ ಮೇಜಿನ ಮೇಲೆ ಕೂರಬೇಕು. ಮೇಜು ಒದ್ದೆಯಾದರೆ ನನ್ನನ್ನು ಮತ್ತೆ ಕರೆಯುವುದಿಲ್ಲ.

ನಿಮ್ಮ ತಾಯಿ ಸಾವಂತ್ರವ್ವ ಎಣ್ಣೆ ಗಡಿಗೆಗಳ ಒಳಗೆ ಏನನ್ನೋ ಬಳಿಯುತ್ತಿದ್ದರು, ಹನಿಯೂ ಹೊರಬರುತ್ತಿರಲಿಲ್ಲ ಎಂದಿರಿ. ಅದು ಗೋಂದೋ, ರಾಳವೋ ತಿಳಿದರೆ ಇಲ್ಲೇ ಹುಡುಕಿ ಕೊಳ್ಳುತ್ತಿದ್ದೆ. ನೀವು ಕೇಳಿದ್ದಕ್ಕೆ ಅವರು, "ಅದು ಬಾಯಿಲೆ ಹೇಳಾಕ ಬರಂಗಿಲ್ಲ" ಅಂದರಂತೆ.

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅವರು ಏನೂ ಹೇಳುವುದು ಬೇಡ. ಒಂದು ಬಟ್ಟಲಿಗೆ ಬಳಿಯಲಿ, ನಾನು ಪಕ್ಕದಲ್ಲಿ ಕೂತು ಅವರ ಕೈ ನೋಡುತ್ತೇನೆ.

ನಿಮ್ಮ,
ರೇಣು