ಮಧ್ಯಾಹ್ನ ಎಲ್ಲರಿಗೂ ಮಿರ್ಚಿ

ಗಾಳಿ ಕಚೇರಿ, ಕಪ್ಪತಗುಡ್ಡ
ಗಾಳಿವರ್ಷ ನೂರಾ ಹದಿಮೂರು, ಮೂರನೆಯ ತಿಂಗಳ ಮೂವತ್ತೆಂಟನೆಯ ದಿನ

ಸುದ್ದಿ ಹಲಗೆ ಬರೆಯುತ್ತಿದ್ದ ಗುಮಾಸ್ತರಿಗೆ ಸಾವಂತ್ರಿ ಹೂಗಾರಳ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸಿದಾಗ ತಿಂಗಳು ಬದಲಾಗುತ್ತದೆ, ಹಾಗಾಗಿ ಒಂದೊಂದು ತಿಂಗಳು ನಲವತ್ತು ದಿನ ದಾಟುವುದೂ ಉಂಟು. ನಿಮ್ಮ ಹಾಳೆಗಳಿಗೂ ನನಗೂ ನಡುವೆ ನಿಮ್ಮ ಎಣಿಕೆಯ ನೂರಾ ನಲವತ್ತಾರು ವರ್ಷಗಳಿವೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮ ಮಾತೇನು ಕಡಿಮೆಯೇ? 'ಕ್ಯಾಶುವಲ್ ಲೀವ್' ಎಂದರೇನೆಂದು ತಿಳಿದುಕೊಳ್ಳಲು ನನಗೆ ಎರಡು ವಾರ ಹಿಡಿಯಿತು.

ಹೋದ ತಿಂಗಳು ನಮ್ಮ ಕಚೇರಿಯ ಹಳೆಯ ಗೋಡೆ ಕೆಡವಿದಾಗ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಕಚೇರಿಯ ಸುದ್ದಿ ಹಲಗೆಗೆ ನೀವು ಬರೆದು ಅಂಟಿಸುತ್ತಿದ್ದ ಹಾಳೆಗಳು. ನೀಲಿ ಶಾಯಿ, ದುಂಡಗಿನ ಅಕ್ಷರ, ಎಲ್ಲಿಯೂ ಸಹಿ ಇಲ್ಲ. ಯಂತ್ರಗಳ ನಕ್ಷೆ ಇರಬೇಕೆಂದು ಓದಲು ಕುಳಿತೆ. ಮೊದಲ ಹಾಳೆಯಲ್ಲಿ ಹೀಗಿತ್ತು: "ಟಪಾಲು ವಿಭಾಗದ ಸುಶೀಲಾಬಾಯಿಯವರು ಐವತ್ತೆಂಟನೆಯ ವಯಸ್ಸಿನಲ್ಲಿ ಹಾರ್ಮೋನಿಯಂ ಪರೀಕ್ಷೆ ಪಾಸಾಗಿದ್ದಾರೆ. ಮಧ್ಯಾಹ್ನ ಎಲ್ಲರಿಗೂ ಮಿರ್ಚಿ." ಎರಡನೆಯದರಲ್ಲಿ: "ಚಾಲಕ ಹುಲಿಗೆಪ್ಪನವರು ಮೊದಲ ಸಲ ಸಮುದ್ರ ನೋಡಿ ಬಂದಿದ್ದಾರೆ. ಬಹಳ ಉಪ್ಪಾಗಿದೆ ಎಂದು ತಿಳಿಸಿದ್ದಾರೆ. ಮಧ್ಯಾಹ್ನ ಎಲ್ಲರಿಗೂ ಮಿರ್ಚಿ." ಇನ್ನೊಬ್ಬರಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿ ಎರಡು ದಿನ ಮಿರ್ಚಿ ಭಜಿ. ನಾನು ನಗಲು ಶುರು ಮಾಡಿದವಳು ಯಾವಾಗ ಅಳತೊಡಗಿದೆನೋ ತಿಳಿಯಲಿಲ್ಲ. ಏಕೆಂದರೆ ನಿಮ್ಮ ಹುಲಿಗೆಪ್ಪನ ಬಗ್ಗೆ ನನಗೆ ಗೊತ್ತಿರುವಷ್ಟು, ಇಪ್ಪತ್ತೊಂದು ವರ್ಷ ನನ್ನ ಪಕ್ಕದಲ್ಲೇ ಕುಳಿತಿದ್ದ ಮನುಷ್ಯನ ಬಗ್ಗೆ ಗೊತ್ತಿರಲಿಲ್ಲ.

ನಾವು ಕಿವಿಗಾರರು. ಈ ಗುಡ್ಡದ ಮೇಲೆ ಎಂಟುನೂರು ಗಾಳಿಯಂತ್ರಗಳು ತಾವೇ ತಿರುಗುತ್ತವೆ, ಕೆಟ್ಟರೆ ತಮ್ಮನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತವೆ. ಆದರೆ ರೆಕ್ಕೆ ಬಿರುಕು ಬಿಡುವ ಮುಂಚೆ ಒಂದು ಸಣ್ಣ ನರಳಿಕೆ ಬರುತ್ತದೆ ನೋಡಿ, ಅದನ್ನು ಹಿಡಿಯುವ ಯಂತ್ರ ಇನ್ನೂ ಹುಟ್ಟಿಲ್ಲ. ಅದಕ್ಕೆ ಮನುಷ್ಯರ ಕಿವಿಯೇ ಬೇಕು. ಬೆಂಚಿಗೆ ಇಬ್ಬರಂತೆ ಕಿವಿಗೆ ನಳಿಗೆ ಹಚ್ಚಿಕೊಂಡು ಕೂರುತ್ತೇವೆ. ಮೊದಲ ಕುರ್ಚಿಯವರು ತೀರ್ಪು ಹೇಳುತ್ತಾರೆ, ಎರಡನೆಯವರು ಬರೆದುಕೊಳ್ಳುತ್ತಾರೆ. ಕೆಳಗೆ ಕುರಿ ಮೇಯಿಸುವವರು ಕುಳಿತಿರುತ್ತಾರೆ, ರೆಕ್ಕೆ ಮುರಿದು ಬಿದ್ದರೆ ಗತಿಯೇನು? ಆದ್ದರಿಂದ ಪಕ್ಕದವರ ಕಿವಿ ಮಂದವಾಗಿದೆ ಎನಿಸಿದರೆ ಸಂಜೆಯ ಗಂಟೆಯೊಳಗೆ 'ಮಂದಕಿವಿ ಚೀಟಿ' ಬರೆದು ಪೆಟ್ಟಿಗೆಗೆ ಹಾಕಬೇಕು. ಕಾಗದ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ವರ್ಷಕ್ಕೆ ಹತ್ತೇ ಚೀಟಿ. ನಿಮಗೆ ಈ ಪತ್ರ ಬರೆಯುತ್ತಿರುವುದೂ ಅವುಗಳ ಬೆನ್ನ ಮೇಲೆಯೇ.

ಇನ್ನು ಹೊಸ್ತಿಲ ನೇಮದ ವಿಷಯ. ಮನೆಯ ಮಾತು ಕಚೇರಿಯ ಹೊಸ್ತಿಲು ದಾಟಬಾರದು. ಹೇಳಬಾರದು, ಕೇಳಬಾರದು, ಕೇಳಿದವರ ಕುರ್ಚಿ ಹೋಗುತ್ತದೆ. ಅಯ್ಯೋ ಪಾಪಿಗಳಿರಾ ಎಂದು ನಮ್ಮನ್ನು ಬೈಯಬೇಡಿ. ನೇಮ ಹುಟ್ಟಿದ್ದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ, ಅದೂ ಒಳ್ಳೆಯದಕ್ಕೆಂದೇ. ನಿಮ್ಮ ಹಲಗೆಯ ಮೇಲಿನ ಸುದ್ದಿಯನ್ನು ಆಗ ಯಾರೋ ಮೇಲಧಿಕಾರಿಯ ಮೇಜಿಗೆ ಒಯ್ದರಂತೆ. ಬಸುರಿ ಎಂದು ತಿಳಿದವಳಿಗೆ ಬಡ್ತಿ ತಪ್ಪಿತು, ರಜೆಯಲ್ಲಿ ಗುಡ್ಡ ಹತ್ತಿ ಬಂದವನಿಗೆ ದುಪ್ಪಟ್ಟು ಕೆಲಸ ಬಿತ್ತು, ಹಾಡು ಕಲಿಯುವವನಿಗೆ ಕೆಲಸದಲ್ಲಿ ಮನಸ್ಸಿಲ್ಲ ಎಂಬ ಷರಾ ಬಂತು. ಜನ ರೊಚ್ಚಿಗೆದ್ದು ಬಾಗಿಲು ಹಾಕಿಕೊಂಡರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹಾಕಿದ ಬಾಗಿಲನ್ನು ತೆರೆಯಬೇಕೆಂದು ಆಮೇಲೆ ಯಾರಿಗೂ ನೆನಪಾಗಲಿಲ್ಲ. ಈಗ ಸಂತೆಯಲ್ಲಿ ಸಹೋದ್ಯೋಗಿ ಎದುರಾದರೆ ನಾವು ತಲೆ ತಗ್ಗಿಸಿ ತರಕಾರಿ ಬುಟ್ಟಿಯನ್ನೇ ನೋಡುತ್ತಾ ನಿಲ್ಲುತ್ತೇವೆ. ಬದನೆಕಾಯಿಯನ್ನು ಅಷ್ಟು ಹೊತ್ತು ನೋಡಿದವರು ಚರಿತ್ರೆಯಲ್ಲಿ ನಾವೇ ಇರಬೇಕು.

ಒಂದೇ ಒಂದು ದಿನ ಸಡಿಲಿಕೆ ಇದೆ. ನಿವೃತ್ತಿಯ ದಿನ. ಅದಕ್ಕೆ ಗಂಟು ಬಿಚ್ಚುವುದು ಎನ್ನುತ್ತೇವೆ. ಹೋಗುವವರು ಅಷ್ಟು ವರ್ಷ ಬಾಯಲ್ಲಿ ತಡೆದಿಟ್ಟದ್ದನ್ನೆಲ್ಲ ಅಂದು ಕೂತಲ್ಲೇ ಹೇಳಿ ಮುಗಿಸುತ್ತಾರೆ. ಪ್ರತಿ ಸುದ್ದಿಗೂ ಎಲ್ಲರ ಕೈಗೆ ಒಂದೊಂದು ಶೇಂಗಾ ಉಂಡಿ. ಹದಿನೈದು ವರ್ಷದ ಹಿಂದಿನ ಮದುವೆಗೂ ಅವತ್ತೇ ಉಂಡಿ, ತೀರಿಕೊಂಡ ತಾಯಿಗೂ ಅವತ್ತೇ ಮೌನ. ಮಾರನೆಯ ದಿನ ಅರ್ಧ ಕಚೇರಿಗೆ ಹೊಟ್ಟೆನೋವು. ಬೆಂಚಿನ ಜೊತೆಗಾರರಿಗೆ ಒಂದು ವಿಶೇಷ ಕೆಲಸವಿದೆ: ಪ್ರತಿ ಸುದ್ದಿಗೂ ಎದ್ದು ನಿಂತು, ಅಂದೇ ಅಂದಿದ್ದರೆ ತಾನು ಏನು ಮಾಡುತ್ತಿದ್ದೆ ಎಂದು ಹೇಳಬೇಕು. ಇದಕ್ಕೆ ಅಂದಿದ್ದರೆ ಮಾತು ಎಂದು ಹೆಸರು.

ಎರಡು ತಿಂಗಳ ಹಿಂದೆ ನನ್ನ ಜೊತೆಗಾರ ಫಕ್ಕೀರಪ್ಪ ಬಡಿಗೇರ ಗಂಟು ಬಿಚ್ಚಿದರು. ನನಗಿಂತ ಏಳು ವರ್ಷ ದೊಡ್ಡವರು, ಮಿತಭಾಷಿ, ಅನ್ನಕ್ಕಿಂತ ಮಜ್ಜಿಗೆ ಜಾಸ್ತಿ ತರುವ ಮನುಷ್ಯ ಎಂದಷ್ಟೇ ನನಗೆ ಗೊತ್ತಿತ್ತು. ಅವರು ಹೇಳುತ್ತ ಹೋದರು. ನಲವತ್ತೈದನೆಯ ವಯಸ್ಸಿನಲ್ಲಿ ಗರಡಿಮನೆಯ ಸಂಗ್ರಾಣಿ ಕಲ್ಲು ಎತ್ತಿದರಂತೆ. ಅಂದಿದ್ದರೆ ನಿಮ್ಮ ಹೆಗಲಿಗೆ ಎಣ್ಣೆ ತಂದುಕೊಡುತ್ತಿದ್ದೆ ಎಂದೆ, ಎಲ್ಲರೂ ನಕ್ಕರು. ಹೆಂಡತಿಯ ಜೊತೆ ಪಗಡೆ ಆಡಿ ಹದಿನಾಲ್ಕು ವರ್ಷದಿಂದ ಸೋಲುತ್ತಿದ್ದಾರಂತೆ. ಅಂದಿದ್ದರೆ ಆಟ ಹೇಳಿಕೊಡುತ್ತಿದ್ದೆ ಎಂದೆ. ಆಮೇಲೆ ಅವರು ನೀರು ಕುಡಿದು, "ನೂರಾ ನಾಕನೇ ವರ್ಷ, ಎರಡನೇ ತಿಂಗಳದಾಗ ನನಗ ಮಗಳು ಹುಟ್ಟಿದಳು. ಲಗ್ನ ಆಗಿ ಹನ್ನೊಂದು ವರ್ಷಕ್ಕ ಹುಟ್ಟಿದ್ದು. ಹೊನ್ನವ್ವ ಅಂತ ಹೆಸರು" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾತ್ರ ವರ್ಷ ಎಣಿಸುತ್ತಿದ್ದೆ. ನೂರಾ ನಾಲ್ಕನೆಯ ವರ್ಷ, ಎರಡನೆಯ ತಿಂಗಳು: ಮೊದಲ ಕುರ್ಚಿಯಲ್ಲಿದ್ದ ಅವರು ವಾರದಲ್ಲಿ ಮೂರು ನರಳಿಕೆ ಕೇಳಿಸಿಕೊಳ್ಳದೆ ಬಿಟ್ಟಿದ್ದರು, ಕಣ್ಣು ಕೆಂಪಗಿತ್ತು, ಕಾರಣವಿಲ್ಲದೆ ತಮ್ಮಷ್ಟಕ್ಕೆ ನಗುತ್ತಿದ್ದರು. ನಾನು ಮುಖ ಗಂಟು ಹಾಕಿಕೊಂಡು ಚೀಟಿ ಬರೆದು ಪೆಟ್ಟಿಗೆಗೆ ಹಾಕಿದೆ. ಅವರನ್ನು ಎರಡನೆಯ ಕುರ್ಚಿಗೆ ಇಳಿಸಿದರು. ಮೊದಲನೆಯದು ನನಗೆ ಬಂತು. ಒಂಬತ್ತು ವರ್ಷದಿಂದ ನಾನು ಅದರಲ್ಲಿ ಕುಳಿತಿದ್ದೇನೆ.

ಅಂದಿದ್ದರೆ ಮಾತು ಹೇಳಲೇಬೇಕಿತ್ತು. ಎದ್ದು ನಿಂತೆ. "ಅಂದಿದ್ರ ನಿಮ್ಮ ಪಾಲಿಂದೂ ನಾನ ಕೇಳ್ತಿದ್ದೆ ಅಣ್ಣಾರ. ಆ ಚೀಟಿ ಬರದಾಕಿ ನಾನು" ಎಂದೆ. ಅವರು ತಮ್ಮ ಉಂಡಿ ಮುರಿದು ಅರ್ಧ ನನ್ನ ಕೈಯಲ್ಲಿಟ್ಟರು. "ಗೊತ್ತಿತ್ತು ಬಿಡವಾ. ಅಕ್ಷರ ನಿನ್ನವ ಇದ್ದವು. ನೀ ಸುಳ್ಳೇನೂ ಬರದಿರಲಿಲ್ಲ, ಆ ವಾರ ನನ್ನ ಕಿವಿ ಮನ್ಯಾಗ ಇತ್ತು. ಆದ್ರ ನೀ ಒಂದ ಮಾತ ಕೇಳಿದ್ರ ಹೇಳಾಂವ ಇದ್ದೆ. ಬಾಯಿತನ ಬಂದಿತ್ತು" ಎಂದರು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಮಜ್ಜಿಗೆಯ ಡಬ್ಬಿ ಎತ್ತಿಕೊಂಡು ಸುಮ್ಮನೆ ಮನೆಗೆ ಹೋದರು.

ಈಗ ಆ ಎರಡನೆಯ ಕುರ್ಚಿಗೆ ರೇಷ್ಮಾ ನದಾಫ ಬಂದಿದ್ದಾಳೆ. ಇಪ್ಪತ್ತೊಂಬತ್ತು ವಯಸ್ಸು, ಸೂಜಿ ಬಿದ್ದರೂ ಕೇಳುವ ಕಿವಿ. ಆದರೆ ಎಂಟು ದಿನದಿಂದ ಅವಳಿಗೆ ಏನೋ ಆಗಿದೆ. ಹದಿನೇಳನೆಯ ಯಂತ್ರ ಇವತ್ತು ಎರಡು ಸಲ ನರಳಿತು, ಎರಡೂ ಸಲ ಅವಳು ಕಿಟಕಿ ನೋಡುತ್ತಿದ್ದಳು. ನಾನಿಲ್ಲದಿದ್ದರೆ ಏನಾಗುತ್ತಿತ್ತೋ. ನೇಮದ ಪ್ರಕಾರ ಸಂಜೆಯೊಳಗೆ ಚೀಟಿ ಹಾಕಬೇಕು. ಹಾಕಿದರೆ ಅವಳು ಬೆಂಚಿನಿಂದಲೇ ಇಳಿಯುತ್ತಾಳೆ. ಕೇಳಿದರೆ ನಾನು ಎರಡನೆಯ ಕುರ್ಚಿಗೆ ಇಳಿಯುತ್ತೇನೆ. ಬೆಳಗಿನಿಂದ ಇದನ್ನೇ ಯೋಚಿಸಿ, ಧೈರ್ಯ ಸಾಲದೆ, ನನ್ನ ವಿರಾಮದ ಹೊತ್ತಿನಲ್ಲಿ ಮೂಲೆಯ ಮೇಜಿಗೆ ಬಂದು ನಿಮಗೆ ಬರೆಯುತ್ತ ಕುಳಿತಿದ್ದೇನೆ. ಸತ್ತವರಿಗೆ ಹೇಳಬಾರದು ಎಂದು ನೇಮದಲ್ಲಿ ಎಲ್ಲಿಯೂ ಬರೆದಿಲ್ಲ ನೋಡಿ.

ಹಾಗಾದರೆ ನನ್ನದೂ ಒಂದನ್ನು ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ. ಹೋದ ರಜೆಯ ದಿನ ನಾನು ಸೈಕಲ್ ಕಲಿತೆ. ಐವತ್ತಮೂರನೆಯ ವಯಸ್ಸಿನಲ್ಲಿ, ಬೆಟಗೇರಿಯ ಮೈದಾನದಲ್ಲಿ! ಮೂರು ಸಲ ಬಿದ್ದೆ, ನಾಲ್ಕನೆಯ ಸಲ ಮೈದಾನದ ಆ ತುದಿಯವರೆಗೆ ಹೋದೆ, ತಿರುಗಿಸಲು ಬಾರದೆ ಬೇಲಿಗೆ ಗುದ್ದಿ ನಿಂತೆ. ಮನೆಯಲ್ಲಿ ನಾನೊಬ್ಬಳೇ. ಮರುದಿನ ಕುಂಟುತ್ತ ಕಚೇರಿಗೆ ಬಂದಾಗ ಒಬ್ಬರಾದರೂ ಏನಾಯಿತೆಂದು ಕೇಳುತ್ತಾರೇನೋ ಎಂದು ಬೇಕೆಂದೇ ಎರಡು ಸುತ್ತು ಹೆಚ್ಚಿಗೆ ಓಡಾಡಿದೆ. ಎಲ್ಲರೂ ಗೋಡೆ ನೋಡಿದರು. ನೇಮದಂತೆ ನಡೆದರು, ಅವರದೇನೂ ತಪ್ಪಿಲ್ಲ. ಆದರೂ ಬಹಳ ಬೇಜಾರಾಯಿತು.

ಒಂಬತ್ತು ಚೀಟಿ ತುಂಬಿದವು. ಇನ್ನು ಒಂದೇ ಉಳಿದಿದೆ. ಎದ್ದು ಹೋಗಿ ಬರುತ್ತೇನೆ.

ಬಂದೆ. ಇದು ಹತ್ತನೆಯ ಚೀಟಿ, ಅಕ್ಷರ ಸಣ್ಣಗಿದ್ದರೆ ಕ್ಷಮಿಸಿ. ಹೋಗಿ ಅವಳ ಕಿವಿಯ ನಳಿಗೆ ತೆಗೆದು, "ಎಂಟ ದಿನ ಆತು, ಕಿವಿ ಎಲ್ಲಿ ಇಟ್ಟ ಬರಾಕತ್ತೀಯವಾ? ಮನ್ಯಾಗ ಏನ ನಡದೈತಿ?" ಎಂದೆ. ಅವಳು ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಕಣ್ಣೀರೂ ನಗುವೂ ಒಟ್ಟಿಗೆ ಬಂದವು. "ಇನ್ನ ಹನ್ನೆರಡ ದಿನಕ್ಕ ನನ್ನ ಲಗ್ನ ಐತ್ರಿ ಅಕ್ಕಾರ. ಯಾರ ಮುಂದ ಹೇಳಲ್ರಿ?" ನನಗೆ ತಡೆಯಲಾಗಲಿಲ್ಲ, "ನಾ ಸೈಕಲ್ ಕಲತೇನವಾ" ಎಂದುಬಿಟ್ಟೆ. "ಅಯ್ಯ ನಮ್ಮವ್ವಾ, ಈ ವಯಸ್ಸಿನ್ಯಾಗ? ಬಿದ್ದಿಲ್ರಿ?" ಎಂದು ಅವಳು ಎಷ್ಟು ಜೋರಾಗಿ ನಕ್ಕಳೆಂದರೆ ಇಡೀ ಕೋಣೆ ನಳಿಗೆ ಕೆಳಗಿಟ್ಟಿತು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ ಸಣ್ಣ ದನಿಯಲ್ಲಿ, "ಯಾರದ್ರಿ ಲಗ್ನ?" ಎಂದರು.

ಸಂಜೆ ನಾನೇ ಮೇಲಿನವರ ಮುಂದೆ ಹೋಗಿ ಹೇಳುತ್ತೇನೆ. ಕುರ್ಚಿ ಹೋಗುತ್ತದೆ, ಹೋಗಲಿ, ಅದು ಫಕ್ಕೀರಪ್ಪನವರದು. ಮದುವೆಯ ತನಕ ಹದಿನೇಳನೆಯ ಯಂತ್ರವನ್ನು ಇಬ್ಬರ ಪಾಲಿಗೂ ನಾನೇ ಕೇಳುತ್ತೇನೆ, ಎರಡನೆಯ ಕುರ್ಚಿಯಿಂದಲೂ ಕೇಳಿಸುತ್ತದೆ. ಈ ಚೀಟಿಗಳನ್ನು ನಿಮ್ಮ ಡಬ್ಬಿಯಲ್ಲೇ ಇಟ್ಟು ಹೊಸ ಗೋಡೆಯೊಳಗೆ ಸೇರಿಸುತ್ತೇನೆ. ನಿಮ್ಮನ್ನು ತಲುಪುತ್ತವೋ ಇಲ್ಲವೋ ತಿಳಿಯದು.

ತಲುಪಿದರೆ ಎರಡು ಬೇಡಿಕೆಗಳಿವೆ. ನಿಮ್ಮ ಹಲಗೆ ಗೋಡೆಯ ಮೇಲೆಯೇ ಇರಲಿ, ಯಾರು ಎಷ್ಟೇ ನಯವಾಗಿ ಕೇಳಿದರೂ ಅದನ್ನು ಮೇಜಿಗೆ ಒಯ್ಯಲು ಕೊಡಬೇಡಿ. ಮತ್ತೆ, ಕೆಳಗಿನ ಮೂಲೆಯಲ್ಲಿ ಜಾಗವಿದ್ದರೆ ನಿಮ್ಮ ದುಂಡಗಿನ ಅಕ್ಷರದಲ್ಲಿ ನಮ್ಮದನ್ನೂ ಬರೆಯಿರಿ:

ಫಕ್ಕೀರಪ್ಪ ಬಡಿಗೇರ ಅವರಿಗೆ ಹೆಣ್ಣು ಮಗು ಹುಟ್ಟಿದೆ. ರೇಷ್ಮಾ ನದಾಫ ಅವರಿಗೆ ಮದುವೆ ಗೊತ್ತಾಗಿದೆ. ಸಾವಂತ್ರಿ ಹೂಗಾರ ಅವರು ಸೈಕಲ್ ಕಲಿತಿದ್ದಾರೆ, ತಿರುಗಿಸಲು ಇನ್ನೂ ಬರುವುದಿಲ್ಲ. ಮಧ್ಯಾಹ್ನ ಎಲ್ಲರಿಗೂ ಮಿರ್ಚಿ.