ಸ್ಪಿತಿಗೆ ಹೊರಟ ಕುಬಸ

ಹುಮನಾಬಾದ್
20 ಸೆಪ್ಟೆಂಬರ್ 2024

ಮಗಳೇ ವಿಶಾಖಾ,

ಜೈ ಭೀಮ್. ಕಾಲು ಬಾತಿವೆಯೇ? ಊಟ ಸೇರುತ್ತದೆಯೇ? ಎಡಮಗ್ಗುಲಿಗೆ ಮಲಗುತ್ತೀಯೋ, ಇಲ್ಲಾ ಚಿಕ್ಕಂದಿನಂತೆ ಹೇಗೆ ಬೇಕೋ ಹಾಗೆ ಬೀಳುತ್ತೀಯೋ? ಗಾಬರಿಯಾಗಬೇಡ. ಹೌದು, ನನಗೆ ಗೊತ್ತಾಗಿದೆ. ನಾವಿಲ್ಲಿ ಆರಾಮ ಇದ್ದೇವೆ ಎಂದು ಬರೆಯುವುದು ಪದ್ಧತಿ, ಆದರೆ ನಾನು ಆರಾಮ ಇಲ್ಲ, ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಫೋನು ಮಾಡಿ ಎರಡು ಮಾತು ಬಿರುಸಾಗಿ ಆಡಿದರೆ ಸಾಕು, "ಸಿಗ್ನಲ್ ಇಲ್ಲವ್ವಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಪತ್ರ. ಹರಿದು ಒಲೆಗೆ ಹಾಕಬೇಕೆಂದರೂ ಮೊದಲು ಓದಲೇಬೇಕು.

ಯಾರು ಹೇಳಿದರು ಎಂದು ಗಂಡನ ಮೇಲೆ ಹಾರಾಡಬೇಡ, ಪಾಪ ದೋರ್ಜೆ ತುಟಿ ಬಿಚ್ಚಿಲ್ಲ. ನಿನ್ನ ಜೊತೆ ಓದಿದ ಆರ್ಜೂ ಹೋದ ವಾರ ನನ್ನ ಅಂಗಡಿಗೆ ಚೂಡಿದಾರ ಹೊಲಿಸಲು ಬಂದಿದ್ದಳು. "ಚಾಚಿ, ವಿಶಾಖಾನ ಫೋಟೋ ನೋಡ್ರಿ, ಎಷ್ಟ ಛಂದ ಕಾಣಾಕತ್ತಾಳ" ಎಂದು ಮೊಬೈಲು ಮುಂದೆ ಹಿಡಿದಳು. ಮಣ್ಣಿನ ಮಾಳಿಗೆಯ ಮೇಲೆ ನೀನು, ಹಿಂದೆ ನಿಮ್ಮ ಬಟಾಣಿ ಹೊಲ, ಮೈಮೇಲೆ ಅಲ್ಲಿಯ ಹೆಂಗಸರು ತೊಡುವ ಆ ಉದ್ದನೆಯ ಉಣ್ಣೆಯ ಅಂಗಿ. ಅದರೊಳಗೆ ಒಂದು ಸಂಸಾರವನ್ನೇ ಮುಚ್ಚಿಡಬಹುದು, ನಿಜ. ಆದರೆ ಅಂಗಿಯ ಅಂಚು ಹಿಂದೆ ನೆಲ ಮುಟ್ಟಿತ್ತು, ಮುಂದೆ ಗೇಣುದ್ದ ಮೇಲೆದ್ದಿತ್ತು. ಊರ ಬಸುರಿಯರಿಗೆಲ್ಲ ಬಟ್ಟೆ ಹೊಲಿದವಳಿಗೆ ಇನ್ನೇನು ಹೇಳಬೇಕು? ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಒಳಗೆ ಹೋಗಿ ಅತ್ತುಬಂದೆ. ಹೆತ್ತ ತಾಯಿ ಮಗಳ ಬಸುರಿನ ಸುದ್ದಿಯನ್ನು ಗಿರಾಕಿಯ ಮೊಬೈಲಿನಲ್ಲಿ ನೋಡಬೇಕೇ?

ಯಾಕೆ ಮುಚ್ಚಿಟ್ಟೆ ಎಂಬುದೂ ಗೊತ್ತು. ನಮ್ಮಲ್ಲಿ ಏಳನೆಯ ತಿಂಗಳಿಗೆ ತವರಿನವರು ಹಸಿರು ಸೀರೆ, ಕುಪ್ಪಸ ಒಯ್ದು, ಕುಬಸ ಮಾಡಿ, ಚೊಚ್ಚಲ ಹೆರಿಗೆಗೆ ಮಗಳನ್ನು ಮನೆಗೆ ಕರೆತರಬೇಕು. ನೀನು ಹೇಳಿದರೆ ನಾನು ಕರೆಯಬೇಕು, ಕರೆದರೆ ನಿಮ್ಮಪ್ಪ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಅವ್ವನಿಗೆ ಈ ತಾಪತ್ರಯ ಬೇಡ ಎಂದು ನೀನೇ ತೀರ್ಮಾನ ಮಾಡಿಬಿಟ್ಟೆ. ಎಷ್ಟು ದೊಡ್ಡವಳಾದೆಯೇ ನೀನು! ನನ್ನ ಸಂಕಟವನ್ನು ನನ್ನನ್ನು ಕೇಳದೆ ನೀನು ಯಾಕೆ ತಪ್ಪಿಸಿದೆ? ಸ್ಪಿತಿಯ ಶಾಲೆಗೆ ಪಾಠ ಹೇಳಲು ಹೋದವಳು ಎರಡು ವರ್ಷದ ಹಿಂದೆ ದೋರ್ಜೆಯನ್ನು ಮದುವೆಯಾದೆ ಎಂದು ಫೋನಿನಲ್ಲಿ ಹೇಳಿದಾಗಲೂ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ.

ನಿಮ್ಮಪ್ಪನ ಮೇಲೆ ಇನ್ನೂ ಹೆಚ್ಚು ಸಿಟ್ಟಿದೆ. ಪ್ರತಿವರ್ಷ ಭೀಮ ಜಯಂತಿಯ ದಿನ ಮೈಕು ಹಿಡಿದು "ಜಾತಿ ಮುರೀಬೇಕಾದ್ರ ಮಕ್ಕಳ ಲಗ್ನದಾಗ ಮುರೀರಿ" ಎಂದು ಗುಡುಗುತ್ತಾರೆ, ಮಂದಿ ಚಪ್ಪಾಳೆ ತಟ್ಟುತ್ತಾರೆ. ಸ್ವಂತ ಮಗಳು ಮುರಿದಾಗ "ಅಂವಾ ನಮ್ಮ ಮಂದಿ ಅಲ್ಲ, ಅಕಿ ನನ್ನ ಹೊಸ್ತಿಲ ತುಳಿಯಂಗಿಲ್ಲ" ಎಂದರು. ಆ ಹುಡುಗನ ಮನೆಯಲ್ಲೂ ಬುದ್ಧನಿದ್ದಾನೆ, ನಮ್ಮ ಪಡಸಾಲೆಯಲ್ಲೂ ಇದ್ದಾನೆ. ಹೊಸ್ತಿಲಿಗೆ ಅಡ್ಡ ನಿಲ್ಲು ಎಂದು ಹೇಳಿದ ಬುದ್ಧ ಯಾವ ಊರಿನವನು ಎಂದು ಕೇಳಿದೆ. ಪೇಪರು ಮುಖಕ್ಕೆ ಅಡ್ಡ ಹಿಡಿದುಕೊಂಡು ಕೂತರು. ನೀನು ಬಸುರಿ ಎಂದು ಹೇಳಿದಾಗಲೂ ಅದೇ ಪೇಪರು.

ಅದಕ್ಕೇ ನಾನೇ ಬರುತ್ತಿದ್ದೇನೆ. ನೀನು ತವರಿಗೆ ಬರಲಾಗದಿದ್ದರೆ ತವರೇ ಗುಡ್ಡ ಹತ್ತುತ್ತದೆ. "ಇಲ್ಲಿ ಗಾಳಿ ತೆಳ್ಳಗದ, ನಿನಗ ಉಸಿರು ಸಿಗಂಗಿಲ್ಲವ್ವಾ" ಎಂದು ಮತ್ತೆ ರಾಗ ತೆಗೆಯಬೇಡ. ಇಷ್ಟು ವರ್ಷ ನಿಮ್ಮಪ್ಪನ ಮನೆಯಲ್ಲಿ ಉಸಿರಾಡಿದವಳಿಗೆ ನಿನ್ನ ಸ್ಪಿತಿ ಯಾವ ಲೆಕ್ಕ? ನಿನ್ನ ತಮ್ಮ ಸಮ್ಯಕ ಆ ರಸ್ತೆಯ ವಿಡಿಯೋ ತೋರಿಸಿ ಹೆದರಿಸಲು ನೋಡಿದ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಇಷ್ಟು ಹೆದರಿಕೆ ಇದ್ದರೆ ನೀನೂ ಜೊತೆಗೆ ಬಾ ಎಂದೆ, ಪರೀಕ್ಷೆ ಇದೆ ಎಂದು ಜಾರಿಕೊಂಡ. ಬಸ್‌ಸ್ಟ್ಯಾಂಡಿನ ಹತ್ತಿರ ಟಿಕೇಟು ಮಾಡುವ ಪೀರ್ ಪಾಷಾನೇ ವಾಸಿ. "ಅಮ್ಮಾ, ಅದು ಗುಡ್ಡ ಅಲ್ರಿ, ಆಸಮಾನ ಅದ. ಮನಾಲಿ ಕಡೆ ಬರ್ಫ್ ಬಿದ್ರ ರಸ್ತಾ ಬಂದ್, ಶಿಮ್ಲಾದಿಂದ ನಿಂತು ನಿಂತು ಹತ್ರಿ" ಎಂದು ದಾರಿಯೆಲ್ಲ ಹೇಳಿಕೊಟ್ಟ. ಹೈದರಾಬಾದಿಗೆ ಬಸ್ಸು, ದಿಲ್ಲಿಗೆ ರೈಲು, ಅಲ್ಲಿಂದ ಶಿಮ್ಲಾ, ಆಮೇಲೆ ರಿಕಾಂಗ್ ಪಿಯೋದಲ್ಲಿ ಎರಡು ದಿನ ಮೈ ಒಗ್ಗಿಸಿಕೊಂಡು ನಿಮ್ಮ ಕಾಜಾ. ಡಾಕ್ಟರಿಗೂ ತೋರಿಸಿದ್ದೇನೆ, ಬಿ.ಪಿ. ಸರಿ ಇದೆ. ಈ ಸಿಟ್ಟಿನಲ್ಲೂ ಸರಿ ಇದೆ ಎಂದರೆ ನನಗೇ ಆಶ್ಚರ್ಯ.

ವಿಜಯದಶಮಿಗೆ ನಿಮ್ಮಪ್ಪ ಎಂದಿನಂತೆ ನಾಗಪುರದ ದೀಕ್ಷಾಭೂಮಿಗೆ ಹೊರಡುತ್ತಾರೆ. ಅವರು ಆ ಕಡೆಯ ಬಸ್ಸು ಹತ್ತುವ ದಿನವೇ ನಾನು ಈ ಕಡೆಯ ಬಸ್ಸು ಹತ್ತುತ್ತೇನೆ. ಜೋಳದ ಹಿಟ್ಟು, ಬಾಣಂತಿಯ ಉಂಡೆಗೆ ಅಂಟು, ಖಾರಿಕ, ಕೊಬ್ಬರಿ ಕಟ್ಟಿದ್ದೇನೆ. ಅಲ್ಲಿ ಬೇಳೆ ಬೇಯುವುದಿಲ್ಲ ಎಂದು ದೋರ್ಜೆ ಒಮ್ಮೆ ಹೇಳಿದ್ದ, ದೊಡ್ಡ ಕುಕ್ಕರೂ ತರುತ್ತೇನೆ. ಅಂಟಿನ ಉಂಡೆ ಕಟ್ಟುವುದನ್ನು ನಿಮ್ಮತ್ತೆಗೆ ಕಲಿಸುತ್ತೇನೆ, ಅವರು ಬಾಣಂತಿಗೆ ಏನು ಕೊಡುತ್ತಾರೋ ನನಗೆ ಕಲಿಸಲಿ. ಹೆರಿಗೆ ಕಾಜಾದ ಆಸ್ಪತ್ರೆಯಲ್ಲೋ ಇನ್ನೂ ಕೆಳಗೋ ಎಂಬುದನ್ನು ಡಾಕ್ಟರು ಹೇಳಲಿ, ಎಲ್ಲಾದರೂ ಸರಿ, ನಾನು ಬಾಗಿಲಲ್ಲಿರುತ್ತೇನೆ. ಹಸಿರು ಖಣದ ಕುಪ್ಪಸ ಹೊಲಿದಾಗಿದೆ. ನಿನ್ನ ಈಗಿನ ಅಳತೆ ನನಗೆ ಗೊತ್ತಿಲ್ಲ, ಅದನ್ನು ನೆನೆದಾಗಲೇ ಮತ್ತೆ ಸಿಟ್ಟು ಬರುತ್ತದೆ. ಒಳಗೆ ಎರಡೂ ಬದಿಗೆ ಬಟ್ಟೆ ಧಾರಾಳ ಬಿಟ್ಟಿದ್ದೇನೆ, ಬಂದ ಮೇಲೆ ಬಿಚ್ಚಿ ಸರಿಮಾಡುತ್ತೇನೆ.

ಭಾರ ಎತ್ತಬೇಡ. ಮಾಳಿಗೆಯ ಏಣಿ ಹತ್ತುವುದನ್ನು ಇವತ್ತೇ ನಿಲ್ಲಿಸು. ನಿಮ್ಮತ್ತೆಗೆ ನನ್ನ ನಮಸ್ಕಾರ, ದೋರ್ಜೆಗೆ ಆಶೀರ್ವಾದ. ನಿನಗೂ ಆಶೀರ್ವಾದವೇ, ಬೈಗುಳ ಬಂದಮೇಲೆ ಎದುರಿಗೇ ಕೊಡುತ್ತೇನೆ.

ನಿನ್ನ ಅವ್ವ,
ದ್ರೌಪತಿ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಮುಖ್ಯ ಮಾತೇ ಉಳಿಯಿತು. ಪೀರ್ ಪಾಷಾ ಹೋಗುವ ಬರುವ ಎರಡೂ ಟಿಕೇಟು ತೆಗೆಯುತ್ತಿದ್ದ, ಹೋಗುವುದಷ್ಟೇ ಸಾಕು ಎಂದೆ. ತಿರುಗಿ ಬರುವ ಟಿಕೇಟು ನಿಮ್ಮಪ್ಪ ತೆಗೆಸಬೇಕು. ಅದರಲ್ಲಿ ನನ್ನ ಹೆಸರಿನ ಜೊತೆ ನಿನ್ನದೂ ದೋರ್ಜೆಯದೂ ಇರಬೇಕು, ಮಗು ನನ್ನ ತೊಡೆಯ ಮೇಲೆ ಬರುತ್ತದೆ. ಅಲ್ಲಿಯವರೆಗೆ ಆ ಹೊಸ್ತಿಲನ್ನು ನಾನೂ ತುಳಿಯುವುದಿಲ್ಲ. ಇವತ್ತು ಮುಂಜಾನೆ ಚಹಾ ಕೊಡುವಾಗ ಇಷ್ಟನ್ನೂ ಅವರಿಗೆ ಹೇಳಿದೆ. ಕುಡಿಯದೆ ಎದ್ದು ಹೋದರು. ಹೋಗಲಿ. ನಾನು ಹೊರಟ ಮೇಲೆ ಚಹಾ ತಾವೇ ಮಾಡಿಕೊಳ್ಳಬೇಕಲ್ಲ, ನೀರು ಕುದಿಯುವವರೆಗೆ ಒಲೆಯ ಮುಂದೆ ನಿಂತು ಯೋಚಿಸಲಿ.